ನಲ್ಲಿ ನೀರಿನ ಅಭಿಷೇಕ

ಪ್ರಿಯ ಗೆಳೆಯ,

ಕಳೆದ ಸಲ ನಮ್ಮಲ್ಲಿಗೆ ಬಂದಾಗ ನೀನು ಒಂದು ಮಾತು ಅಂದೆ. "ನಲ್ಲಿ ನೀರಲ್ಲಿ ದೇವರಿಗೆ ಅಭಿಷೇಕ ಮಾಡ್ತೀರಲ್ಲ ಮಾರಾಯ!" ಆಗ ನಕ್ಕು ಸುಮ್ನಾದೆ. ನಿನಗೇನು, ಅಂಗಳದಲ್ಲೇ ಬಾವಿ. ಮಡಿಯುಟ್ಟು ಒಂದು ಕೊಡ ಸೇದಿದರೆ ಮುಗಿಯಿತು. ಮುಂಬಯಿಯ ಘಾಟ್ಕೋಪರಿನ ಈ ಗುಡ್ಡಕ್ಕೆ ನೀರು ಬರುವುದೇ ಬೆಳಗ್ಗೆ ಒಂದೂವರೆ ಗಂಟೆ. ದೇವರಿಗೂ ಅದೇ, ನಮಗೂ ಅದೇ.

ಶ್ರಾವಣದ ಮೊದಲ ಸೋಮವಾರ ನಮ್ಮ ಬೀದಿಯ ಶಿವನ ಗುಡಿಯಲ್ಲಿ ಏಕಾದಶ ರುದ್ರ ಇತ್ತು. ರುದ್ರಮಂತ್ರದ ಮೊದಲ ಭಾಗವಾದ ನಮಕ 11 ಸಲ, ಪ್ರತಿ ಸಲದ ಕೊನೆಗೆ ಎರಡನೆಯ ಭಾಗವಾದ ಚಮಕದ ಒಂದೊಂದು ಅನುವಾಕ (ಖಂಡ). ಅಷ್ಟು ಹೊತ್ತೂ ಧಾರೆ ನಿಲ್ಲಬಾರದು. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ತೂತಿಗೆ ದರ್ಭೆ ಸಿಕ್ಕಿಸಿ, ನೂಲಿನಷ್ಟು ಸಣ್ಣಗೆ ಬೀಳುವ ಹಾಗೆ ಮಾಡಿದ್ದೆವು. ಆದರೆ ಪಂಚಾಮೃತ ತೊಳೆಯುವುದಕ್ಕೇ ನೀರು ಜಾಸ್ತಿ ಹೋಗಿತ್ತು. ಹಾಲು, ಮೊಸರಿನದು ತಾಪತ್ರಯವಿಲ್ಲ. ತುಪ್ಪದ ಜಿಡ್ಡಿಗೆ ಬಿಸಿನೀರೇ ಆಗಬೇಕು. ಜೇನು, ಸಕ್ಕರೆ ಚೂರು ಉಳಿದರೂ ಮಧ್ಯಾಹ್ನಕ್ಕೆ ಇರುವೆಗಳ ಮೆರವಣಿಗೆ! (ಹಾಲನ್ನು ಕ್ಯಾನುಗಟ್ಟಲೆ ಸುರಿಯುವುದು ನನಗೆ ಸರಿಬರುವುದಿಲ್ಲ. ನಮ್ಮದು ಒಂದು ಲೋಟ, ಅಷ್ಟೇ.)

ಎಂಟನೇ ನಮಕಕ್ಕೆ ಡ್ರಮ್ಮು ಖಾಲಿ. ಮಂತ್ರ ನಿಲ್ಲಿಸುವ ಹಾಗಿಲ್ಲ, ಕಣ್ಣಲ್ಲೇ ಒಬ್ಬರಿಗೊಬ್ಬರು ಸನ್ನೆ ಮಾಡುತ್ತಿದ್ದೆವು. ಎದುರಿನ ಚಾಳಿನ ಮರಾಠಿ ಅಜ್ಜಿ ನೋಡಿದರು. ಕುಡಿಯಲು ಹಿಡಿದಿಟ್ಟ ಕೊಡವನ್ನೇ ಸೊಂಟದ ಮೇಲಿಟ್ಟು ತಂದರು. ಮಡಿ ಕೇಳುವ ಧೈರ್ಯ ಯಾರಿಗಿತ್ತು?

ಮನೆಗೆ ಬಂದ ಮೇಲೆ ಆ ಕೊಡದ ನೀರಿನ ಜಾಡು ಹಿಡಿದೆ. ಮುಂಬಯಿಗೆ ನೀರುಣಿಸುವುದು ಏಳು ಜಲಾಶಯಗಳು. ಅವುಗಳಲ್ಲಿ ಮೂರು ವೈತರಣಾ ನದಿಯವು. ಆ ನದಿ ಹುಟ್ಟುವುದು ತ್ರ್ಯಂಬಕೇಶ್ವರದ ಬೆಟ್ಟಸಾಲಿನಲ್ಲಿ. ಗೋದಾವರಿಯ ತವರೂ ಅದೇ. ಅಕ್ಕ ಪೂರ್ವಕ್ಕೆ ಹೋದಳು, ತಂಗಿ ನಮ್ಮ ಕಡೆ ಇಳಿದಳು. ಹೆಸರೇನೋ ಯಮಲೋಕದ ದಾರಿಯ ಹೊಳೆಯದ್ದು. ಶಿವನಿಗೆ ಅದರ ಹೆದರಿಕೆ ಇಲ್ಲ ಬಿಡು.

ನೀನೂ ಕಲಶಪೂಜೆಯಲ್ಲಿ 'ಗಂಗೇ ಚ ಯಮುನೇ ಚೈವ' ಅಂತ ಏಳು ನದಿಗಳನ್ನು ಬಾವಿ ನೀರಿಗೆ ಕರೆಯುತ್ತೀಯ, ಅಲ್ವಾ? ನಿನ್ನ ಬಾವಿಯಿಂದ ಗೋದಾವರಿ ಎಷ್ಟು ದೂರ, ಸುಮ್ನೆ ಲೆಕ್ಕ ಹಾಕಿ ನೋಡು. ನಮಗೆ ಅವಳ ತಂಗಿ ಪೈಪಿನಲ್ಲೇ ಬರುತ್ತಾಳೆ.

ಮುಂದಿನ ಸೋಮವಾರಕ್ಕೆ ಎರಡು ಡ್ರಮ್ಮು ತುಂಬಿಸಿಡುತ್ತೇವೆ. ದಸರೆಗೆ ಬರುವಾಗ ನಿಮ್ಮ ಬಾವಿ ನೀರು ಒಂದು ಬಾಟಲಿ ತಾ. ಬೇಡ ಅನ್ನುವುದಿಲ್ಲ.

ಇಂತಿ ನಿನ್ನ,
ಘಾಟ್ಕೋಪರಿನ ಗೆಳೆಯ