ಉಚ್ಚಿಲದಿಂದ ಕಾಪುವಿನವರೆಗೆ

ಹೆಬ್ರಿ, ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಉದ್ದದ ಮೆಸೇಜು ಓದಿದೆ. ಫೋನ್ ಮಾಡಿದರೆ "ಹೂಂ ದೊಡ್ಡಪ್ಪ, ಆಯ್ತು ದೊಡ್ಡಪ್ಪ" ಎಂದು ಇಟ್ಟುಬಿಡುತ್ತೀಯ. ಹಾಗಾಗಿ ಬರೆಯುತ್ತಿದ್ದೇನೆ. ನೀನು ಕೇಳಿದ್ದು ಟಯರಿಗೆ ಪಂಕ್ಚರ್ ಹಾಕಿಸಿದರೆ ಸಾಕಾ, ಹೊಸದೇ ತೆಗೆದುಕೊಳ್ಳಬೇಕಾ ಎಂದು. ಹೇಳುತ್ತೇನೆ. ಆದರೆ ನಡುವೆ ಒಂದು ಸಾಲು ಬರೆದಿದ್ದೀಯ ನೋಡು, "ಸ್ಟೇರಿಂಗ್ ಎಡಕ್ಕೆ ಎಳೀತಾ ಇತ್ತು, ಗೊತ್ತಾಯ್ತು, ಆದ್ರೆ ಕತ್ತಲೆಯಲ್ಲಿ ಒಬ್ಬಳೇ ನಿಲ್ಲಿಸೋಕೆ ಹೆದರಿಕೆಯಾಗಿ ಸ್ವಲ್ಪ ದೂರ ಹಾಗೇ ಓಡಿಸಿದೆ" ಅಂತ. ನಿನ್ನೆ ರಾತ್ರಿ ನನಗೆ ನಿದ್ದೆ ಬಾರದ್ದು ಆ ಸಾಲಿನಿಂದ.

ಉಚ್ಚಿಲ ದಾಟುವಾಗ ಗೊತ್ತಾಯಿತು ಎಂದು ನೀನೇ ಬರೆದಿದ್ದೀಯ. ನಿಲ್ಲಿಸಿದ್ದು ಕಾಪುವಿನ ಪೆಟ್ರೋಲ್ ಬಂಕಿನಲ್ಲಿ. ನಡುವೆ ಮೂಳೂರು ಇಡೀ ಉಂಟು ಮಾರಾಯ್ತಿ. ಅದು ಸ್ವಲ್ಪ ದೂರವಾ? ಆ ರಸ್ತೆಯಲ್ಲಿ ಬಾಡಿಗೆ ಗಾಡಿ ಓಡಿಸಿಯೇ ನಾನು ಮನೆ ನಡೆಸಿದ್ದು.

ಈಗ ಟಯರಿಗೆ ಬರುತ್ತೇನೆ. ಪಂಕ್ಚರ್ ಅಂಗಡಿಯವನು ಚಕ್ರವನ್ನೂ ಬಿಚ್ಚದೆ ಹೊರಗಿನಿಂದಲೇ ರಬ್ಬರ್ ಬತ್ತಿ ತುರುಕಿ ನೂರೈವತ್ತು ರೂಪಾಯಿಗೆ ಮುಗಿಸುತ್ತೇನೆ ಎಂದ. ಟಯರ್ ಶೋರೂಮಿನವರು ಹೊಸದು ಹಾಕಿಸಿ ಎಂದರು. ಹುಡುಗಿ ಅಂತ ಟೋಪಿ ಹಾಕುತ್ತಿದ್ದಾರಾ ಎಂದು ನಿನಗೆ ಸಂಶಯ. ಇಬ್ಬರಿಗೂ ನೀನು ಹೇಳಿದ್ದು ಮೊಳೆಯ ಕತೆ ಮಾತ್ರ, ಅಲ್ವಾ? ಗಾಳಿ ಇಲ್ಲದೆ ಓಡಿಸಿದ್ದನ್ನು ಹೇಳಿರಲಿಕ್ಕಿಲ್ಲ.

ಫೋಟೋ ನೋಡಿದೆ. ಮೊಳೆ ಟಯರಿನ ನಡುಪಟ್ಟಿಯಲ್ಲಿ, ರಸ್ತೆಗೆ ತಾಗುವ ಜಾಗದಲ್ಲೇ ಹೊಕ್ಕಿದೆ. ಅಲ್ಲಿ ತೂತು 6 ಮಿಲಿಮೀಟರ್ ಒಳಗಿದ್ದರೆ ಧಾರಾಳವಾಗಿ ರಿಪೇರಿ ಆಗುತ್ತದೆ. ಅಂಚಿಗೆ ಅಥವಾ ಸೈಡ್‌ವಾಲಿಗೆ, ಎಂದರೆ ಟಯರಿನ ಬದಿಯ ಗೋಡೆಗೆ, ಹೊಕ್ಕಿದ್ದರೆ ಮಾತೇ ಇಲ್ಲ, ಬದಲಾಯಿಸಲೇಬೇಕು. ಚಕ್ರ ಸುತ್ತಿದಷ್ಟು ಸಲವೂ ಆ ಭಾಗ ಬಾಗುತ್ತದೆ, ಯಾವ ಪ್ಯಾಚೂ ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮೊಳೆಯ ಮಟ್ಟಿಗೆ ರಿಪೇರಿ ಸಾಕು ಎಂದು ಪಂಕ್ಚರ್‌ನವನು ಹೇಳಿದ್ದು ಸರಿಯೇ.

ಆದರೆ ಗಾಳಿ ಹೋದ ಮೇಲೂ ಓಡಿದ ಟಯರಿನಲ್ಲಿ ಮೊಳೆಯ ತೂತು ಸಣ್ಣ ವಿಷಯ. ಕಾರಿನ ಭಾರ ಹೊರುವುದು ಒಳಗಿನ ಗಾಳಿ. ಅದು ಹೋದರೆ ಸೈಡ್‌ವಾಲ್ ಮಡಚಿಕೊಂಡು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಅರೆಯುತ್ತದೆ, ಬಿಸಿಯಾಗುತ್ತದೆ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಒಳಗಿನ ನೂಲೆಲ್ಲ ತುಂಡಾಗುತ್ತಾ ಬರುತ್ತದೆ. ಹೊರಗಿನಿಂದ ಏನೂ ಕಾಣದೇ ಇರಬಹುದು. ಗಾಳಿ ಹೊಡೆದರೆ ನಿಂತೂ ನಿಲ್ಲುತ್ತದೆ. ಆಮೇಲೆ ಒಂದು ದಿನ ಹೆಜಮಾಡಿ ಟೋಲ್ ದಾಟಿ ಸ್ಪೀಡಿನಲ್ಲಿ ಹೋಗುವಾಗ ಒಡೆಯುತ್ತದೆ. ನಿನ್ನನ್ನು ಹೆದರಿಸಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅಲ್ಲ, ಸುಮ್ನೆ ಯಾಕೆ ಸುಳ್ಳು, ಸ್ವಲ್ಪ ಹೆದರಿಸಲಿಕ್ಕೇ ಬರೆಯುತ್ತಿದ್ದೇನೆ.

ಬತ್ತಿ ಹಾಕುವವನು ಒಳಗೆ ನೋಡುವುದೇ ಇಲ್ಲ. ಅದಕ್ಕೆ ನೀನು ಟಯರನ್ನು ರಿಮ್ಮಿನಿಂದ ಬಿಚ್ಚಿಸು. ಬಿಚ್ಚಿದವನು ಒಳಗೆ ಕೈಯಾಡಿಸಿದರೆ ಅಂಗೈಗೆ ಕಾಡಿಗೆಯಷ್ಟು ನುಣ್ಣಗೆ ಕಪ್ಪು ಪುಡಿ ಹತ್ತುತ್ತದಾ, ಸೈಡ್‌ವಾಲಿನ ಒಳಗೆ ಸುತ್ತಲೂ ಸುಕ್ಕಿನ ಗೆರೆ ಬಿದ್ದಿದೆಯಾ, ನೀನೇ ನಿಂತು ನೋಡು. ಪುಡಿ ಉದುರಿದರೆ ಆ ಟಯರಿನ ಕತೆ ಮುಗಿಯಿತು. ಏನೂ ಇಲ್ಲದಿದ್ದರೆ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸು. ಅದರ ಕಾಲು ತೂತನ್ನು ತುಂಬುತ್ತದೆ, ಟೋಪಿ ಒಳಗೆ ಅಂಟಿ ಕೂರುತ್ತದೆ. ಬತ್ತಿಗಿಂತ ಜಾಸ್ತಿ ದುಡ್ಡು ಕೇಳುತ್ತಾರೆ, ಕೊಡು. ಉಚ್ಚಿಲದಿಂದ ಕಾಪುವಿನವರೆಗೆ ಓಡಿಸಿದೆ ಎಂದು ಅವರಿಗೆ ಸರಿಯಾಗಿ ಹೇಳು. "ಸ್ವಲ್ಪ ದೂರ" ಎನ್ನಬೇಡ.

ಮತ್ತೆ ಅಲ್ಲಿಗೇ ಬಂದೆ ನೋಡು. ನಿಲ್ಲಿಸಬೇಕಿತ್ತು ಎಂದು ಹೇಳುವುದು ನನಗೆ ಸುಲಭ. ನಾನು ಓಡಿಸುವಾಗ ಅದು ರಾಷ್ಟ್ರೀಯ ಹೆದ್ದಾರಿ 17, ಎರಡು ಗಾಡಿ ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಬೇಕಿತ್ತು. ಟಯರ್ ಹೋಯಿತು ಎಂದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಜಾಕ್ ಸದ್ದು ಕೇಳಿಯೇ ಪಕ್ಕದ ಮನೆಯಿಂದ ಯಾರಾದರೂ ಲಾಟೀನು ಹಿಡಿದು ಬರುತ್ತಿದ್ದರು. ಈಗ ಅದೇ ರಸ್ತೆ 66 ಆಗಿ, ನಾಲ್ಕು ಲೇನ್ ಆಗಿ, ಲಾರಿಗಳು ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹೋಗುತ್ತವೆ. ಅಲ್ಲಿ ರಾತ್ರಿ ಒಬ್ಬಳೇ ಇಳಿಯಲು ನಿನಗೆ ಹೆದರಿಕೆಯಾದರೆ ಅದು ತಪ್ಪು ಎಂದು ಯಾವ ಬಾಯಿಂದ ಹೇಳಲಿ?

ನಿನ್ನ ದೊಡ್ಡಮ್ಮನಿಗೂ ಹೆದರಿಕೆ ಇತ್ತು, ಆಗುಂಬೆ ಘಾಟಿಯದ್ದು. ಬಾಡಿಗೆ ಇಲ್ಲದ ದಿನ ಶೃಂಗೇರಿಗೆ ಹೋಗುವಾಗ ಸೋಮೇಶ್ವರ ದಾಟಿದ ಕೂಡಲೇ ಮಾತು ನಿಲ್ಲಿಸಿ ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದಳು. ಪ್ರತಿ ತಿರುವಿನಲ್ಲೂ "ಸ್ವಲ್ಪ ನಿಲ್ಲಿಸಿ" ಎನ್ನುವಳು. ನಾನು ನಗುತ್ತಾ ಇನ್ನೂ ಜೋರಾಗಿ ತಿರುಗಿಸುತ್ತಿದ್ದೆ. ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಾದರೂ ನಿಲ್ಲಿಸಿ ಎಂದರೆ "ಬರುವಾಗ ನೋಡುವ" ಎನ್ನುತ್ತಿದ್ದೆ. ಬರುವಾಗ ಕತ್ತಲೆಯಾಗಿರುತ್ತಿತ್ತು. ಈಗ ಅದನ್ನು ನೆನೆಸಿದರೆ ಸಂಕಟವಾಗುತ್ತದೆ. ನಿನ್ನ ಹೆದರಿಕೆಗೆ ನಗಲು ನನಗೆ ಮನಸ್ಸಿಲ್ಲ. ಆದರೆ ಆ ಹೆದರಿಕೆ ನಿನ್ನನ್ನು ಗಾಳಿ ಇಲ್ಲದ ಚಕ್ರದ ಮೇಲೆ ಓಡಿಸಿತಲ್ಲ, ಅದು ನನಗೆ ಹೆದರಿಕೆ.

ಮುಂದಿನ ಸಲ ಏನು ಮಾಡಬೇಕು ಎಂದು ಬರೆಯಬೇಕು. ಇದೆಲ್ಲ ನೀನು ಮೊಬೈಲಿನಲ್ಲಿ ಓದಿಯೇ ಇರುತ್ತೀಯ, ಆದರೂ. ಎಳೆತ ಗೊತ್ತಾದ ಕೂಡಲೇ ಬ್ರೇಕ್ ಒತ್ತಿಹಿಡಿಯಬೇಡ, ಎಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ಎಡಕ್ಕೆ ಬಾ. ನಾಲ್ಕೂ ಇಂಡಿಕೇಟರ್ ಹಾಕು. ಬೆಳಕಿರುವ ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೆ ತೆವಳುತ್ತಾ ಹೋಗಿ ನಿಲ್ಲಿಸು. ಉಚ್ಚಿಲದಲ್ಲಿ ಮಹಾಲಕ್ಷ್ಮಿ ದೇವಸ್ಥಾನ ಹೆದ್ದಾರಿಯ ಹತ್ತಿರವೇ ಉಂಟಲ್ಲ, ಆ ಕಡೆ ತಿರುಗಿಸಬಹುದಿತ್ತೇನೋ. ನಾನು ಅಲ್ಲಿರಲಿಲ್ಲ, ಹೇಳಬಾರದು. ಏನೂ ಕಾಣದಿದ್ದರೆ ರಸ್ತೆಯಿಂದ ಆದಷ್ಟು ಹೊರಗೆ ನಿಲ್ಲಿಸಿ, ಎಡಬದಿಯಿಂದ ಇಳಿದು, ಗಾಡಿಯಿಂದ ದೂರ ನಿಂತು 1033ಕ್ಕೆ ಫೋನ್ ಮಾಡು. ಹೆದ್ದಾರಿಯವರದ್ದು. ಯಾರಾದರೂ ಬಂದು ನಿಂತು ನಿನಗೆ ಸರಿ ಕಾಣದಿದ್ದರೆ 112. ಆಮೇಲೆ ನನಗೆ. ನಾನು ಹೆಬ್ರಿಯಿಂದ ಬರುವಷ್ಟರಲ್ಲಿ ಬೆಳಗಾಗಬಹುದು, ಆದರೂ ಮಾಡು.

ಮೊಳೆ ಕಂಡರೆ ಕೀಳಬೇಡ. ಅದು ಅಲ್ಲೇ ಇದ್ದರೆ ಗಾಳಿ ನಿಧಾನಕ್ಕೆ ಹೋಗುತ್ತದೆ, ಒಂದಿಷ್ಟು ಸಮಯ ಸಿಗುತ್ತದೆ.

ಸ್ಟೆಪ್ನಿ ಡಿಕ್ಕಿಯಲ್ಲಿತ್ತು, ಬಿಚ್ಚಲು ಗೊತ್ತಿರಲಿಲ್ಲ ಎಂದು ಬರೆದಿದ್ದೀಯ. ಅದಕ್ಕೆ ಏನು ಹೇಳಲಿ? ನಿನ್ನ ಅಣ್ಣನನ್ನು ಅಂಗಳದಲ್ಲಿ ಕೂರಿಸಿ ಜಾಕ್ ಹಾಕಲು ಕಲಿಸಿದಾಗ ನೀನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಬಾ ಎಂದು ಯಾರೂ ಕರೆಯಲಿಲ್ಲ. ಅದರಲ್ಲಿ ಮಹಾ ವಿದ್ಯೆ ಏನಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡಬೇಕು. ಕೈಗೆ ಬರದಿದ್ದರೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಭಾರ ಹಾಕು. ಆಮೇಲೆ ಜಾಕ್. ಆದರೆ ಹೆದ್ದಾರಿಯಲ್ಲಿ, ರಾತ್ರಿ, ಒಬ್ಬಳೇ ಆ ಕೆಲಸಕ್ಕೆ ಇಳಿಯಬೇಡ. ಇಲ್ಲಿ ಬಂದು ಅಂಗಳದಲ್ಲಿ ಕಲಿ. ಕೈಗೆ ಕೆಲಸ ಗೊತ್ತಿದ್ದರೆ ಗಾಡಿ ನಿಲ್ಲಿಸಲು ಇಷ್ಟು ಹೆದರಿಕೆ ಆಗಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಲೆಕ್ಕ ತಪ್ಪಿದ್ದರೂ ಇರಬಹುದು.

ನನ್ನ ಅಂಬಾಸಿಡರ್ ಕಾಲದ ಬುದ್ಧಿ ಎಂದರೆ ಎಲ್ಲದಕ್ಕೂ ರಿಪೇರಿಯೇ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವಲ್ಲಿ ಬೆರಳಿಟ್ಟು, ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ ಒಣಗಿಸಿ ಪ್ಯಾಚ್ ಕೂರಿಸುವುದನ್ನು ನೋಡುತ್ತಾ ನಿಲ್ಲುವುದೇ ಒಂದು ಖುಷಿ. ಟಯರೇ ಸೀಳಿದರೆ ಒಳಗೆ ಹಳೇ ಟಯರಿನ ತುಂಡು ಇಟ್ಟು ಓಡಿಸುತ್ತಿದ್ದೆವು. ಆಗ ಗಾಳಿ ಹಿಡಿಯುತ್ತಿದ್ದದ್ದು ಟ್ಯೂಬು. ನಿನ್ನದು ಟ್ಯೂಬ್‌ಲೆಸ್, ಗಾಳಿ ಹಿಡಿಯುವುದೂ ಟಯರೇ, ಭಾರ ತಡೆಯುವುದೂ ಟಯರೇ. ಆದ್ದರಿಂದ ಆ ಬುದ್ಧಿ ನಿನಗೆ ಬೇಡ.

ಹೊಸದು ಹಾಕಿಸುವುದಾದರೆ ಮುಂದಿನ ಬಲಗಡೆಯದ್ದನ್ನೂ ನೋಡಿಸು. ಟಯರಿನ ಮೇಲಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, 1.6 ಮಿಲಿಮೀಟರಿನದ್ದು. ಟಯರ್ ಸವೆದು ಅದಕ್ಕೆ ಸಮ ಆಗಿದ್ದರೆ ಅದೂ ಹೋದ ಹಾಗೆಯೇ. ಎರಡು ಹೊಸದು ಬಂದರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿನದ್ದನ್ನು ಮುಂದಕ್ಕೆ ತರಿಸು. ನಮ್ಮ ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಕೊಳ್ಳುವಾಗ ಟಯರಿನ ಬದಿಯಲ್ಲಿ ಅಚ್ಚೊತ್ತಿದ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದು. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಅಂಥ ಹಳೇ ಸ್ಟಾಕು ಕೊಟ್ಟರೆ ಬೇಡ ಎನ್ನು. ಸ್ಟೆಪ್ನಿಗೂ ಗಾಳಿ ನೋಡಿಸು. ದುಡ್ಡು ಸಾಲದಿದ್ದರೆ ಸಂಕೋಚ ಮಾಡಬೇಡ, ನಿನ್ನ ಅಪ್ಪನಿಗೆ ಹೇಳದೆ ಕಳಿಸುತ್ತೇನೆ.

ನಾಳೆ ಬಿಚ್ಚಿಸಿದ ಮೇಲೆ ಒಳಗೆ ಪುಡಿ ಇತ್ತಾ ಇಲ್ಲವಾ, ಅಷ್ಟನ್ನಾದರೂ ಕೂಡಲೇ ತಿಳಿಸು. ಅಲ್ಲಿಯವರೆಗೆ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಾ.

ನಿನ್ನ
ದೊಡ್ಡಪ್ಪ