ಅಮ್ಮನ ಮಾತ್ರೆ ನಿಲ್ಲಿಸುವ ಮೊದಲು

ಪ್ರೀತಿಯ ಪುಟ್ಟಿ,

ಮನೆಯವರ ಗ್ರೂಪಿಗೆ ನೀನು ಹಾಕಿದ ವಿಡಿಯೊ ನೋಡಿದೆ. ದಿನಾ ಎರಡು ಇನ್ಸುಲಿನ್ ಗಿಡದ ಎಲೆ ಅಗಿದರೆ ಒಂದೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯವಂತೆ, ಆಮೇಲೆ ಮಾತ್ರೆ ಬೇಡವೇ ಬೇಡವಂತೆ. ಅದರ ಕೆಳಗೆ ನಿಮ್ಮಮ್ಮ ಕೈಮುಗಿಯುವ ಚಿತ್ರ ಹಾಕಿದ್ದಾಳೆ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ವಿಡಿಯೊದವನು ಯಾರೋ ಏನೋ, ಅವನು ಹೇಳಿದ್ದರೆ ಅವಳು ನಗುತ್ತಿದ್ದಳು. ಬೆಂಗಳೂರಿನಲ್ಲಿರುವ ಮಗಳು ಕಳಿಸಿದ್ದಾಳೆ ಅಂದರೆ ನಂಬದೆ ಇರುತ್ತಾಳಾ?

ಆ ಗಿಡ ನಮ್ಮ ತೀರ್ಥಹಳ್ಳಿ ಕಡೆ ಸುಮಾರು ಹಿತ್ತಿಲುಗಳಲ್ಲಿದೆ, ನಮ್ಮಲ್ಲೂ ಇದೆ. ಎಲೆ ಹುಳಿ ಹುಳಿ. ಸಕ್ಕರೆ ಸ್ವಲ್ಪ ಇಳಿಸುವ ಗುಣ ಇರಲೂಬಹುದು, ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಆದರೆ ಇಲಿಗೂ ನಿಮ್ಮಮ್ಮನಿಗೂ ನಡುವೆ ಬಹಳ ದಾರಿ ಇದೆ. ಇನ್ನೊಂದು ವಿಷಯ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಅನ್ನುವುದು ಒಂದು ಪ್ರೋಟೀನು. ಗಿಡದ ಹೆಸರಿನ ಹಾಗೆ ಎಲೆಯಲ್ಲಿ ಅದು ಇದ್ದರೂ, ನುಂಗಿದರೆ ಹೊಟ್ಟೆಯಲ್ಲಿ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಕಂಡುಹಿಡಿದ ಮದ್ದನ್ನು ಇವತ್ತಿಗೂ ಸೂಜಿಯಲ್ಲಿ ಚುಚ್ಚಿಕೊಳ್ಳುವುದು ಸುಮ್ನೆ ಅಲ್ಲ.

ದೊಡ್ಡಮ್ಮ ಮನೆಮದ್ದಿಗೆ ವಿರೋಧ ಅಂದುಕೊಳ್ಳಬೇಡ. ಶೀತಕ್ಕೆ ಕೊತ್ತಂಬರಿ ಜೀರಿಗೆ ಕಷಾಯ ಇಲ್ಲದೆ ನಮ್ಮನೆ ಮಳೆಗಾಲ ಕಳೆಯುವುದಿಲ್ಲ, ಒಂದೆಲಗದ ತಂಬುಳಿ ಇದ್ದರೆ ನಾನು ಒಂದು ತುತ್ತು ಜಾಸ್ತಿಯೇ ಉಣ್ಣುತ್ತೇನೆ. ಆದರೆ ಅವು ಹಿತಕ್ಕೆ. ನಾಲ್ಕು ದಿನದಲ್ಲಿ ತಾನಾಗೇ ಹೋಗುವ ಶೀತಕ್ಕೆ ಏನು ಕುಡಿದರೂ ಗುಣವಾಗುತ್ತದೆ ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. "ನಮ್ಮ ಮಾವನಿಗೆ ವಾಸಿಯಾಯ್ತು" ಅಂತ ಯಾರಾದರೂ ಹೇಳಿದರೆ, ಏನೂ ಕುಡಿಯದೆ ಇದ್ದಿದ್ದರೆ ಮಾವ ಏನಾಗುತ್ತಿದ್ದರು ಅಂತ ಕೇಳು. ಕಾಮಾಲೆಗೆ ನೆಲನೆಲ್ಲಿ ಅರೆದು ಕುಡಿಸುತ್ತಾರೆ, ಕೆಲವು ಕಡೆ ಕೈಗೆ ಬರೆ ಹಾಕುವುದೂ ಉಂಟು. ನೀರಿನಿಂದ ಬರುವ ಹೆಪಟೈಟಿಸ್ ಎ ಆಗಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹೆಸರು ಮಾತ್ರ ಮದ್ದು ಕೊಟ್ಟವನಿಗೆ. ಅದೇ ಹಳದಿ ಕಣ್ಣು ಇಲಿಜ್ವರದಿಂದ ಬಂದಿದ್ದರೆ? ಗದ್ದೆ ಕೆಸರಿನಲ್ಲಿ ನಿಂತು ಕೆಲಸ ಮಾಡುವವರಿಗೆ ಬರುವ ಕಾಯಿಲೆ ಅದು, ಬೇಗ ಆಂಟಿಬಯಾಟಿಕ್ ಕೊಡದೆ ಸೊಪ್ಪು ಅರೆಯುತ್ತಾ ಕೂತರೆ ಕಿಡ್ನಿಗೂ ಪೆಟ್ಟು, ಜೀವಕ್ಕೂ ಅಪಾಯ. ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸವೂ ಹೀಗೆಯೇ, ಸಣ್ಣ ಕಲ್ಲು ಎಷ್ಟೋ ಸಲ ತಾನಾಗೇ ಬಿದ್ದುಹೋಗುತ್ತದೆ.

ಸಕ್ಕರೆ ಕಾಯಿಲೆ ತಾನಾಗೇ ಹೋಗುವಂಥದ್ದಲ್ಲ. ಅದರ ಮೋಸ ಏನೆಂದರೆ ನೋವೇ ಇರುವುದಿಲ್ಲ. ಮಾತ್ರೆ ಬಿಟ್ಟ ಮಾರನೇ ದಿನವೂ ನಿಮ್ಮಮ್ಮ ಆರಾಮಾಗಿ ಅಕ್ಕಿರೊಟ್ಟಿ ತಟ್ಟುತ್ತಾಳೆ, ಎಲೆ ಕೆಲಸ ಮಾಡಿತು ಅನ್ನುತ್ತಾಳೆ, ಒಳಗೆ ಕಣ್ಣು, ಕಿಡ್ನಿ, ಕಾಲಿನ ನರ ಸದ್ದಿಲ್ಲದೆ ಹಾಳಾಗುತ್ತಿರುತ್ತವೆ. (ಅವಳು ಸಕ್ಕರೆ ಬಿಟ್ಟು ಜೋನಿಬೆಲ್ಲದ ಕಾಫಿ ಶುರು ಮಾಡಿದ್ದಾಳೆ ಅಂತ ಗೊತ್ತಾಯ್ತು. ಬೆಲ್ಲದಿಂದಲೂ ಸಕ್ಕರೆ ಏರುತ್ತದೆ ಅಂತ ನೀನೇ ಹೇಳು, ನಾನು ಹೇಳಿದರೆ ಅಕ್ಕನ ಅಧಿಕಪ್ರಸಂಗ ಆಗುತ್ತದೆ.)

"ಗಿಡ ತಾನೇ, ತೊಂದರೆ ಏನು" ಅನ್ನಬೇಡ. ಕೊರೊನಾ ಕಾಲದಲ್ಲಿ ಜನ ಲೋಟಗಟ್ಟಲೆ ಅಮೃತಬಳ್ಳಿ ಕಷಾಯ ಕುಡಿದರು. ಕುಡಿದವರಲ್ಲಿ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆ ಜಗಳ ಇರಲಿ. ಮೈಯಲ್ಲಿ ಕೆಲಸ ಮಾಡುವ ಯಾವ ವಸ್ತುವಾದರೂ ಕೆಡುಕೂ ಮಾಡಬಹುದು.

ಇನ್ನು ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ, 1954ರ ಕಾಯ್ದೆ ಇದೆ. ಆ ವಿಡಿಯೊದ ಕೊನೆಯಲ್ಲಿ ಪುಡಿ ಡಬ್ಬಿಯ ಬೆಲೆ, ವಾಟ್ಸಾಪ್ ನಂಬರ್ ಇತ್ತು, ನೋಡಿದೆಯಾ? ನಮ್ಮ ಮಂಗನ ಕಾಯಿಲೆಯನ್ನೇ ತಗೋ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಇವತ್ತಿಗೂ ಅದಕ್ಕೇ ಅಂತ ಮದ್ದಿಲ್ಲ ಅಂತ ಡಾಕ್ಟರೇ ಒಪ್ಪಿಕೊಳ್ಳುತ್ತಾರೆ. ಪುಡಿ ಮಾರುವವನ ಬಾಯಲ್ಲಿ "ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ" ಅನ್ನುವ ಮಾತು ಯಾವತ್ತಾದರೂ ಬಂದಿದೆಯಾ?

ಇವತ್ತೇ ಅಮ್ಮನಿಗೆ ಫೋನ್ ಮಾಡು. ಮಾತ್ರೆ ನಿಲ್ಲಿಸಿದ್ದಾಳಾ ಅಂತ ನೇರವಾಗಿ ಕೇಳು, ಸುತ್ತಿಬಳಸಬೇಡ. ಎಲೆ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಲಿ, ಮಾತ್ರೆ ಜೊತೆ ಅದೂ ಸೇರಿ ಸಕ್ಕರೆ ತೀರಾ ಇಳಿದರೂ ಕಷ್ಟ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಬರುವ ವಾರ ನಾನೇ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ, ಹಳೆಯ ಚೀಟಿ ಎಲ್ಲ ತೆಗೆದಿಡಲು ಹೇಳು. ಮತ್ತೆ ಗ್ರೂಪಿನಿಂದ ಆ ವಿಡಿಯೊ ಅಳಿಸು, ನಿನ್ನ ಸೋದರತ್ತೆ ಆಗಲೇ ಇಬ್ಬರಿಗೆ ಕಳಿಸಿಯಾಗಿದೆ.

ಇಂತಿ,
ನಿನ್ನ ದೊಡ್ಡಮ್ಮ