ಕನ್ನಡ ಅರ್ಜಿ: ಸ್ಪಷ್ಟ ಆದೇಶ ಬೇಕು

ಮಾನ್ಯರೇ,
ಕಾಸರಗೋಡಿನ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಡೆಯುತ್ತದೋ ಇಲ್ಲವೋ ಎಂಬುದು ಇವತ್ತಿಗೂ ಕೌಂಟರಿನಲ್ಲಿ ಕೂತವರ ಮರ್ಜಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೂ ಮೊನ್ನೆ ಪಂಚಾಯತಿ ಕಚೇರಿಯಲ್ಲಿ ನೆರೆಮನೆಯ ಅಜ್ಜಿಯ ಕನ್ನಡ ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ಮಲಯಾಳಂ’ ಎಂದು ಗೀಚಿ ವಾಪಸ್ ಕೊಟ್ಟರು. ಹೊರಗೆ ಬರೆಸಲು ದುಡ್ಡು ಬೇರೆ! ಕೇಳಿದರೆ, ಆ ಕಾಯಿದೆ ಇರುವುದು ರಾಜ್ಯ ಸರ್ಕಾರದ ಕಚೇರಿಗೆ, ಪಂಚಾಯತಿಗಲ್ಲ ಎಂಬ ವಾದ. ಸರಿ, ಅದನ್ನೇ ಬರೆದು ಕೊಡಿ ಅಂದರೆ ಅದೂ ಇಲ್ಲ. ಸುಮ್ನೆ ಕೌಂಟರಿನಲ್ಲಿ ಜಗಳಾಡಿ ಪ್ರಯೋಜನವಿಲ್ಲ ಅಲ್ವಾ? ಇಲ್ಲಿನ ಕನ್ನಡ ಸಂಘಗಳು ಸೇರಿ ಸರ್ಕಾರಕ್ಕೆ ಮನವಿ ಕೊಟ್ಟು, ಪಂಚಾಯತಿಗೂ ಆನ್‌ಲೈನ್ ಅರ್ಜಿಗೂ ಈ ನಿಯಮ ಅನ್ವಯಿಸುತ್ತದೆಯೇ ಎಂದು ಲಿಖಿತ ಸ್ಪಷ್ಟನೆ ಕೇಳಲಿ. ಬಂದ ಆದೇಶವನ್ನು ಎಲ್ಲ ಕೌಂಟರುಗಳಲ್ಲೂ ಎರಡೂ ಭಾಷೆಗಳಲ್ಲಿ ಅಂಟಿಸಲಿ.

– ಓರ್ವ ಓದುಗ, ಕಾಸರಗೋಡು